ಹಾಸನ–ಚಿಕ್ಕಮಗಳೂರು ಬಸ್ಸಿನಲ್ಲಿ ಕೇಳಿದ ಪಂಕ್: ಈ ಮಳೆಗಾಲದ ಪಟ್ಟಿ

ಹಗರೆ ಸ್ಟಾಪ್ · ಭಾನುವಾರ ಸಂಜೆ 6:10

ವಾರಕ್ಕೆ ನಾಲ್ಕು ದಿನ ಹಾಸನದಿಂದ ಚಿಕ್ಕಮಗಳೂರಿಗೆ ಬಸ್ಸಿನಲ್ಲಿ ಓಡಾಡುತ್ತೇನೆ. ಹೋಗುವಾಗ ಹಾಡು, ಬರುವಾಗ ನಿದ್ದೆ. ಹಾಡೆಂದರೆ ಹೆಚ್ಚಾಗಿ ಪಂಕ್, ಎಪ್ಪತ್ತರ ದಶಕದಲ್ಲಿ ಹುಟ್ಟಿದ ವೇಗದ, ಒರಟು ರಾಕ್ ಸಂಗೀತ. ಈ ಜೂನ್‌ನಿಂದ ಒಂದು ಹೊಸ ಚಟ ಹತ್ತಿದೆ. ಆಲ್ಬಮ್‌ಗಳನ್ನು ನಿಮಿಷದಲ್ಲಿ ಅಳೆಯುವುದು ಬಿಟ್ಟು ಸ್ಟಾಪ್‌ಗಳಲ್ಲಿ ಅಳೆಯುತ್ತಿದ್ದೇನೆ. ಹಾಗಾಗಿ ಪಟ್ಟಿಯೂ ಬಸ್ ರೂಟಿನ ಪ್ರಕಾರವೇ ಇದೆ. ಬೈಯಬೇಡಿ.

ಹಾಸನ ಸ್ಟ್ಯಾಂಡಿನಿಂದ ಹಗರೆವರೆಗೆ: ನ್ಯೂಯಾರ್ಕಿನ ನಾಲ್ಕು ಜನರ ಬ್ಯಾಂಡ್ ರಮೋನ್ಸ್ ಅವರ ಮೊದಲ ಆಲ್ಬಮ್, 1976. 14 ಹಾಡು, 29 ನಿಮಿಷ. ಹಗರೆಯಲ್ಲಿ ಜನ ಇಳಿದು ಹತ್ತುವಷ್ಟರಲ್ಲಿ ಮುಗಿದಿರುತ್ತದೆ. 6,400 ಡಾಲರ್‌ನಲ್ಲಿ, ಹೆಚ್ಚುಕಮ್ಮಿ ಒಂದು ವಾರದಲ್ಲಿ ರೆಕಾರ್ಡ್ ಆದದ್ದು. ಹಿಂದೆಯೂ ಕೇಳಿದ್ದೆ, ಮಕ್ಕಳಾಟ ಅನ್ನಿಸಿತ್ತು. ಈ ಸಲ ಬೇರೆಲ್ಲ ಬಿಟ್ಟು ಗಿಟಾರ್ ಒಂದಕ್ಕೇ ಕಿವಿ ಕೊಟ್ಟೆ. ಜಾನಿ ರಮೋನ್ ಕೈ ಮೇಲಿಂದ ಕೆಳಕ್ಕೆ ಮಾತ್ರ ಹೊಡೆಯುತ್ತದೆ. ಬೇರೆಯವರಾದರೆ ಕೆಳಕ್ಕೊಂದು, ಮೇಲಕ್ಕೊಂದು ಹೊಡೆದು ಅರ್ಧ ಶ್ರಮದಲ್ಲಿ ಮುಗಿಸುತ್ತಾರೆ. ಇವನದು ಸೌದೆ ಒಡೆದ ಹಾಗೆ. ಮನೆಗೆ ಬಂದು ಹಾಡು ಹಾಕಿ, ತೊಡೆಯ ಮೇಲೆ ಅದೇ ವೇಗದಲ್ಲಿ ಹೊಡೆದು ನೋಡಿದೆ. ಎರಡನೇ ಹಾಡಿಗೇ ಮಣಿಕಟ್ಟು ಸೋತಿತು. ನನ್ನ ಹೆಂಡತಿ ಬಾಗಿಲಲ್ಲಿ ನಿಂತು ಏನೂ ಕೇಳದೆ ಹೋದಳು.

ಆ ನಾಲ್ಕು ಜನರಲ್ಲಿ ಯಾರೂ ಈಗ ಬದುಕಿಲ್ಲ. ಅಣ್ಣತಮ್ಮಂದಿರೂ ಅಲ್ಲ. ‘ರಮೋನ್’ ಅನ್ನುವುದು ಎಲ್ಲರೂ ಹಾಕಿಕೊಂಡ ಸುಳ್ಳು ಮನೆತನದ ಹೆಸರು.

ಬೇಲೂರು ದಾಟುವವರೆಗೆ: ಲಂಡನ್ನಿನ ಬ್ಯಾಂಡ್ ದಿ ಕ್ಲ್ಯಾಶ್, ‘ಲಂಡನ್ ಕಾಲಿಂಗ್’, 1979. 19 ಹಾಡು, 65 ನಿಮಿಷ. ಇದು ಎಲ್ಲರಿಗೂ ಗೊತ್ತಿರುವುದೇ, ಜಾಸ್ತಿ ಹೇಳಲ್ಲ. ಎರಡು ರೆಕಾರ್ಡಿನ ಆಲ್ಬಮ್ಮನ್ನು ಹಟ ಹಿಡಿದು ಒಂದರ ಬೆಲೆಗೆ ಮಾರಿಸಿದರು.

ಬೇಲೂರಿನಿಂದ ಚಿಕ್ಕಮಗಳೂರಿಗೆ: ಎಕ್ಸ್-ರೇ ಸ್ಪೆಕ್ಸ್, ‘ಜರ್ಮ್‌ಫ್ರೀ ಅಡಾಲೆಸೆಂಟ್ಸ್’, 1978. ಈ ಮಳೆಗಾಲದಲ್ಲಿ ನನ್ನ ತಲೆ ಕೆಡಿಸಿದ್ದು ಇದೇ. ಹಾಡುವವಳ ಹೆಸರು ಪಾಲಿ ಸ್ಟೈರೀನ್. ಪಾಲಿಸ್ಟೈರೀನ್ ಅಂದರೆ ಗೊತ್ತಾಯಿತಲ್ಲ, ನಾವು ಥರ್ಮಾಕೋಲ್ ಅನ್ನುತ್ತೇವಲ್ಲ, ಅದೇ ವಸ್ತು. ಫೋನ್ ಡೈರೆಕ್ಟರಿಯ ಹಳದಿ ಪುಟದಲ್ಲಿ ಪ್ಲಾಸ್ಟಿಕ್ ಕಂಪನಿಗಳ ಸಾಲು ನೋಡಿ ಹೆಸರು ಆರಿಸಿಕೊಂಡಳಂತೆ. ಅಂದರೆ ತನ್ನನ್ನು ತಾನೇ ಥರ್ಮಾಕೋಲ್ ಎಂದು ಕರೆದುಕೊಂಡ ಹುಡುಗಿ! ಅಪ್ಪ ಸೊಮಾಲಿಯಾದವರು, ಅಮ್ಮ ಬ್ರಿಟನ್‌ನವರು. ಹಲ್ಲಿಗೆ ಕ್ಲಿಪ್ ಹಾಕಿಕೊಂಡೇ ಸ್ಟೇಜ್ ಹತ್ತುತ್ತಿದ್ದಳು. ಹಾಡುಗಳ ತುಂಬ ಪ್ಲಾಸ್ಟಿಕ್, ಸೂಪರ್ ಮಾರ್ಕೆಟ್, ಜಾಹೀರಾತು. ಬೈಯುತ್ತಿದ್ದಾಳೋ, ಮೆಚ್ಚುತ್ತಿದ್ದಾಳೋ ತಕ್ಷಣ ಗೊತ್ತಾಗಲ್ಲ. ನನಗೆ ಹಿಡಿಸಿದ್ದೂ ಅದೇ. ಬೇಲೂರು ದೇವಸ್ಥಾನದ ಮುಂದಿನ ಆಟದ ಸಾಮಾನಿನ ಅಂಗಡಿಗಳ ಮುಂದೆ ಬಸ್ ನಿಂತಿದ್ದಾಗ ಈ ಹಾಡು ಕೇಳಬೇಕು. ಹಸಿರು, ಗುಲಾಬಿ, ಕಿತ್ತಳೆ ಬಣ್ಣದ ಪ್ಲಾಸ್ಟಿಕ್ ಪೀಪಿಗಳು ನೇತಾಡುತ್ತಿರುತ್ತವೆ.

ಇನ್ನು ನೋಡಿದ್ದು. ಒಂದು, ಪಾಲಿ ಸ್ಟೈರೀನ್ ಬಗ್ಗೆ 2021ರಲ್ಲಿ ಬಂದ ಡಾಕ್ಯುಮೆಂಟರಿ, ‘ಐ ಆ್ಯಮ್ ಎ ಕ್ಲೀಶೆ’. ನಿರ್ದೇಶಕರಿಬ್ಬರಲ್ಲಿ ಒಬ್ಬಳು ಸ್ವಂತ ಮಗಳು. ಅಮ್ಮ 2011ರಲ್ಲಿ ತೀರಿಕೊಂಡ ಮೇಲೆ ಅವಳ ಪೆಟ್ಟಿಗೆಗಳನ್ನು ಬಿಚ್ಚುತ್ತಾ ಹೋಗುತ್ತಾಳೆ. ಅಮ್ಮನಿಗೆ ಮನಸ್ಸಿನ ಕಾಯಿಲೆ ಇತ್ತು. ಡಾಕ್ಟರುಗಳು ಮೊದಲು ಹೇಳಿದ ಕಾಯಿಲೆಯ ಹೆಸರೂ ತಪ್ಪಾಗಿತ್ತು. ಅಮ್ಮ ಬ್ಯಾಂಡ್ ಬಿಟ್ಟು ಇಸ್ಕಾನ್ ಸೇರಿದ್ದು, ಮಗಳು ಅಲ್ಲೇ ಸ್ವಲ್ಪ ಕಾಲ ಬೆಳೆದದ್ದು, ಎಲ್ಲ ಬರುತ್ತದೆ. ಹಾಡುಗಾರ್ತಿಯ ಸಿನಿಮಾ ಎಂದು ಕೂತವನು ತಾಯಿ ಮಗಳ ಸಿನಿಮಾ ನೋಡಿ ಎದ್ದೆ.

ಇನ್ನೊಂದು, ‘ಎ ಬ್ಯಾಂಡ್ ಕಾಲ್ಡ್ ಡೆತ್’, 2012. ಡೆಟ್ರಾಯಿಟ್‌ನ ಮೂವರು ಕಪ್ಪು ಅಣ್ಣತಮ್ಮಂದಿರು. ರಮೋನ್ಸ್ ಆಲ್ಬಮ್ ಬರುವುದಕ್ಕೂ ಮೊದಲೇ, 1975ರಲ್ಲಿ, ಅದೇ ವೇಗದ ಹಾಡುಗಳನ್ನು ರೆಕಾರ್ಡ್ ಮಾಡಿದ್ದರು. ಅಪ್ಪ ಅಪಘಾತದಲ್ಲಿ ಹೋದ ಮೇಲೆ ದೊಡ್ಡವನಾದ ಡೇವಿಡ್ ಬ್ಯಾಂಡಿಗೆ ‘ಡೆತ್’ ಎಂದು ಹೆಸರಿಟ್ಟ. ಹೆಸರು ಬದಲಿಸಿದರೆ ಆಲ್ಬಮ್ ತರುತ್ತೇವೆ ಎಂದರು ದೊಡ್ಡ ಕಂಪನಿಯವರು. ಇವನು ಆಗಲ್ಲ ಎಂದ. ಎರಡೇ ಹಾಡಿನ ಒಂದು ರೆಕಾರ್ಡನ್ನು ತಾವೇ 500 ಪ್ರತಿ ಅಚ್ಚು ಹಾಕಿಸಿ ಕೈತೊಳೆದುಕೊಂಡರು. ಟೇಪು ಅಟ್ಟ ಸೇರಿತು. ‘ಒಂದು ದಿನ ಜನ ಹುಡುಕಿಕೊಂಡು ಬರುತ್ತಾರೆ, ಜೋಪಾನ ಮಾಡು’ ಎಂದು ತಮ್ಮನಿಗೆ ಹೇಳಿ ಡೇವಿಡ್ 2000ದಲ್ಲಿ ತೀರಿಕೊಂಡ. 2009ರಲ್ಲಿ ಆಲ್ಬಮ್ ಹೊರಬಂತು. ಅದಕ್ಕೂ ಮೊದಲು, ತಮ್ಮನ ಮಗ ಯಾವುದೋ ಪಾರ್ಟಿಯಲ್ಲಿ ಆ ಹಾಡು ಕೇಳಿ ‘ಇದು ನಮ್ಮಪ್ಪನ ದನಿ’ ಎಂದು ಗುರುತು ಹಿಡಿಯುತ್ತಾನೆ. ಮನೆಯಲ್ಲಿ ಅಪ್ಪ ಆ ವಿಷಯವನ್ನೇ ಎತ್ತಿರಲಿಲ್ಲ. ಅಲ್ಲಿ ನಾನು ಸಿನಿಮಾ ನಿಲ್ಲಿಸಿ ಎದ್ದು ಹೋಗಿ ನೀರು ಕುಡಿದು ಬಂದೆ.

ಹೊಸದರಲ್ಲಿ ಆಮಿಲ್ ಆ್ಯಂಡ್ ದಿ ಸ್ನಿಫರ್ಸ್ ಅವರ ‘ಕಾರ್ಟೂನ್ ಡಾರ್ಕ್‌ನೆಸ್’ 2024, ಟರ್ನ್‌ಸ್ಟೈಲ್ ಅವರ ‘ನೆವರ್ ಎನಫ್’ 2025. ಮೊದಲನೆಯದು ಮೆಣಸಿನಕಾಯಿ ಬಜ್ಜಿ. ಎರಡನೆಯದು ಚೆನ್ನಾಗಿದೆ, ಆದರೆ ಇವರ ಹಿಂದಿನದೇ ನನಗೆ ಇಷ್ಟ.

ನೀವು ಏನು ಕೇಳುತ್ತಿದ್ದೀರಿ?

ಆಲೂರು ಆಲೂಗಡ್ಡೆ · ಭಾನುವಾರ ರಾತ್ರಿ 8:02

ಗುರು, ತೊಡೆ ಮೇಲೆ ಹೊಡೆದುಕೊಂಡ ವಿಡಿಯೋ ಹಾಕು ಮೊದಲು.

ನನ್ನದು ಒಂದೇ ಒಂದು. ಫುಗಾಜಿ ಬ್ಯಾಂಡ್ ಬಗ್ಗೆ ‘ಇನ್‌ಸ್ಟ್ರುಮೆಂಟ್’ ಎಂಬ ಸಿನಿಮಾ, 1999. ಜೆಮ್ ಕೋಹೆನ್ ಹತ್ತು ವರ್ಷ ಹಿಂದೆ ಬಿದ್ದು ಶೂಟ್ ಮಾಡಿದ್ದು. ಇವರು ವಾಷಿಂಗ್ಟನ್ ಡಿಸಿಯವರು. ಟಿಕೆಟ್ ಸುಮಾರು 5 ಡಾಲರ್ ದಾಟಬಾರದು, ಚಿಕ್ಕ ಹುಡುಗರಿಗೂ ಒಳಗೆ ಬಿಡಬೇಕು, ಮುಂದೆ ನಿಂತವರು ಹೊಡೆದಾಡಬಾರದು. ಇಷ್ಟೇ ರೂಲ್ಸ್. ಒಂದು ಕಡೆ ಹಾಡು ನಿಲ್ಲಿಸಿ ಗಲಾಟೆ ಮಾಡುವವನನ್ನು ತರಾಟೆಗೆ ತೆಗೆದುಕೊಳ್ಳುತ್ತಾರೆ. ‘ಆಗಲೇ ನೀನು ಹೊರಗೆ ಐಸ್‌ಕ್ರೀಮ್ ತಿನ್ನುತ್ತಿದ್ದದ್ದನ್ನು ನೋಡಿದೆ, ಪುಟ್ಟ ಮಗು ಥರ ತಿನ್ನುತ್ತಿದ್ದೆ, ಈಗ ಇಲ್ಲಿ ರೌಡಿ ಆಗಿದ್ದೀಯಾ’ ಅನ್ನುವ ಥರ. ಆ ಮನುಷ್ಯ ಜೀವಮಾನದಲ್ಲಿ ಮತ್ತೆ ಕೈ ಎತ್ತಿರಲಿಕ್ಕಿಲ್ಲ.

ನಮ್ಮೂರ ಗಣಪತಿ ಆರ್ಕೆಸ್ಟ್ರಾದಲ್ಲಿ ಕುಡಿದು ಸ್ಟೇಜ್ ಹತ್ತುವವರಿಗೆ ಈ ಮದ್ದು ಹಾಕಬೇಕು. ಪೊಲೀಸ್ ಬೇಡ, ‘ಸಂಜೆ ನೀನು ಕಡ್ಲೆಪುರಿ ತಿನ್ನುತ್ತಿದ್ದೆ ಅಲ್ವಾ’ ಅಂದರೆ ಸಾಕು.

ಹಳೇ ಕ್ಯಾಸೆಟ್ · ಭಾನುವಾರ ರಾತ್ರಿ 9:15

ಹಗರೆಯವರೇ, ನಿಮ್ಮ ಮಾತಿಗೆ ಮರುಳಾಗಿ ಊಟ ಆದ ಮೇಲೆ ರಮೋನ್ಸ್ ಕೇಳಿದೆ. ಪೂರ್ತಿ. ಬೇಜಾರು ಮಾಡಿಕೊಳ್ಳಬೇಡಿ. ಒಂದೇ ಹಾಡನ್ನು 14 ಸಲ ಕೇಳಿದ ಹಾಗಿತ್ತು.

ನಾನು ಹಾರ್ಮೋನಿಯಂ ಕಲಿತವನು. ಸರಳೆ ವರಸೆಯಲ್ಲೇ ಒಂದು ವರ್ಷ ಕೂರಿಸಿದರು ನಮ್ಮ ಮೇಷ್ಟ್ರು. ಬೆರಳು ತಪ್ಪಿದರೆ ಸ್ಕೇಲಿನ ಏಟು. ಬಾರದ ವಾದ್ಯವನ್ನು ಜನರ ಮುಂದೆ ಬಾರಿಸುವುದು ಹೆಮ್ಮೆ ಹೇಗಾಗುತ್ತದೆ? ಇದು ನನಗೆ ನಿಜವಾಗಿ ಅರ್ಥ ಆಗಿಲ್ಲ, ಅದಕ್ಕೇ ಕೇಳುತ್ತಿದ್ದೇನೆ.

ಆ ಥರ್ಮಾಕೋಲ್ ಹುಡುಗಿಯ ಹಾಡನ್ನೂ ಕೇಳಿದೆ. ಅದರಲ್ಲಿ ಸ್ಯಾಕ್ಸೊಫೋನ್ ಇದೆ. ಕದ್ರಿ ಗೋಪಾಲನಾಥ್ ಅವರನ್ನು ಎದುರಿಗೆ ಕೂತು ಕೇಳಿದ ಕಿವಿ ಇದು. ಇಲ್ಲಿ ಊದುವುದು ಬಸ್ ಹಾರ್ನ್.

ಸಕಲೇಶಪುರ ಲೋಕಲ್ · ಭಾನುವಾರ ರಾತ್ರಿ 9:31

ಕ್ಯಾಸೆಟ್ ಸರ್‌ಗೆ ನನ್ನ ವೋಟು.

ಅದೂ ಅಲ್ಲದೆ ಹಾಸನದಲ್ಲಿ ಕೂತು ನ್ಯೂಯಾರ್ಕಿನವರ ಸಿಟ್ಟು ಎರವಲು ತರುವುದು ಯಾಕೆ? ನಮಗೆ ಸಿಟ್ಟಿಗೆ ಬರ ಬಂದಿದೆಯಾ? ಇವತ್ತು ಬೆಳಗ್ಗೆ ಐದಕ್ಕೆ ಮೊಬೈಲಿಗೆ ಮೆಸೇಜ್ ಬಂತು, ನಮ್ಮ ತೋಟದ ಹಿಂದೆ ಆನೆ ಇದೆ, ಆಚೆ ಬರಬೇಡಿ ಅಂತ. ಹಾಲು ಕರೆಯಲು ಹೋಗುವ ಹಾಗಿಲ್ಲ. ಇದಕ್ಕೆ ಯಾವ ಬ್ಯಾಂಡ್ ಹಾಡು ಮಾಡಿದೆ ಹೇಳಿ, ಕೇಳುತ್ತೇನೆ.

ಕಾಫಿ ಕಣ · ಭಾನುವಾರ ರಾತ್ರಿ 10:20

ಕ್ಯಾಸೆಟ್ ಸರ್, ನಿಮ್ಮ ಪ್ರಶ್ನೆಗೆ ಒಂದು ಸಿನಿಮಾದಲ್ಲಿ ಉತ್ತರ ಇದೆ. ‘ವಿ ಆರ್ ದ ಬೆಸ್ಟ್’ ಅಂತ. ಸ್ವೀಡನ್ ದೇಶದ್ದು, 2013. ಮೂಡಿಗೆರೆಯಲ್ಲಿ ಮೂರು ದಿನ ಬಿಡದೆ ಮಳೆ ಸುರಿದಾಗ ಅಮ್ಮನ ಜೊತೆ ಕೂತು ನೋಡಿದೆ.

ಕಥೆ 1982ರ ಸ್ಟಾಕ್‌ಹೋಮಿನಲ್ಲಿ ನಡೆಯುತ್ತದೆ. ಹದಿಮೂರು ವರ್ಷದ ಆಸುಪಾಸಿನ ಇಬ್ಬರು ಹುಡುಗಿಯರು. ಪಂಕ್ ಸತ್ತುಹೋಯಿತು ಎಂದು ಶಾಲೆಯಲ್ಲಿ ಎಲ್ಲರೂ ಆಡಿಕೊಳ್ಳುತ್ತಾರೆ. ಊರಿನ ಯುವಕ ಕೇಂದ್ರದಲ್ಲಿ ದೊಡ್ಡ ಹುಡುಗರ ಬ್ಯಾಂಡೊಂದು ಸಿಕ್ಕಾಪಟ್ಟೆ ಗದ್ದಲ ಮಾಡುತ್ತಿರುತ್ತದೆ. ಅವರಿಗೆ ಉರಿಸಬೇಕು ಎಂಬ ಒಂದೇ ಕಾರಣಕ್ಕೆ ಇವರು ಅದೇ ರೂಮನ್ನು ತಮ್ಮ ಹೆಸರಿಗೆ ಬುಕ್ ಮಾಡುತ್ತಾರೆ. ಒಬ್ಬಳಿಗೂ ವಾದ್ಯ ಹಿಡಿಯಲು ಬರಲ್ಲ. ಪಿ.ಟಿ. ಪೀರಿಯಡ್ ಮೇಲಿನ ಸಿಟ್ಟಿಗೆ ಆಟೋಟದ ವಿರುದ್ಧ ಒಂದು ಹಾಡು ಕಟ್ಟುತ್ತಾರೆ. ಅಮ್ಮ ಅಲ್ಲಿ ನಕ್ಕಿದ್ದು ನಕ್ಕಿದ್ದೇ. ಅವರಿಗೆ ಸಬ್‌ಟೈಟಲ್ ಓದುವ ಅಭ್ಯಾಸ ಇಲ್ಲ. ಬೇಕಾಗಲೂ ಇಲ್ಲ.

ಸರ್, ನಿಮಗೆ ಹೇಳಬೇಕಾದ ಭಾಗ ಇದು. ಆಮೇಲೆ ಅವರು ಹೆಡ್ವಿಗ್ ಎಂಬ ಹುಡುಗಿಯನ್ನು ಸೇರಿಸಿಕೊಳ್ಳುತ್ತಾರೆ. ದೇವರು ದಿಂಡರು ಎನ್ನುವ ಸಾಧು ಹುಡುಗಿ, ಕ್ಲಾಸಿಕಲ್ ಗಿಟಾರ್ ಚೆನ್ನಾಗಿ ಕಲಿತವಳು. ಅವಳೇ ಕೂತು ಇವರಿಗೆ ಕಾರ್ಡ್, ಅಂದರೆ ಹಲವು ಸ್ವರ ಒಟ್ಟಿಗೆ ಹಿಡಿಯುವುದನ್ನು, ಹೇಳಿಕೊಡುತ್ತಾಳೆ. ಅಂದರೆ ಕಲಿತವರನ್ನು ಆಚೆ ಹಾಕುವುದಿಲ್ಲ. ಮೊದಲು ಶುರು ಮಾಡುತ್ತಾರೆ, ಆಮೇಲೆ ಕಲಿಯುತ್ತಾರೆ. ನಿಮ್ಮ ಮೇಷ್ಟ್ರು ಮೊದಲು ಕಲಿಸಿದರು. ಎರಡನ್ನೂ ಒಪ್ಪಬಹುದಲ್ವಾ?

ಇದು ಇಷ್ಟವಾದವರಿಗೆ ‘ವಿ ಆರ್ ಲೇಡಿ ಪಾರ್ಟ್ಸ್’ ಸೀರೀಸ್. ಲಂಡನ್ನಿನ ಮುಸ್ಲಿಂ ಹುಡುಗಿಯರ ಪಂಕ್ ಬ್ಯಾಂಡ್ ಕಥೆ. ನಿದಾ ಮಂಜೂರ್ ಮಾಡಿದ್ದು, 2021ರಲ್ಲಿ ಮೊದಲ ಸೀಸನ್, 2024ರಲ್ಲಿ ಎರಡನೆಯದು. ಗಿಟಾರ್ ನುಡಿಸುವ ಅಮೀನಾ ಪಿಎಚ್.ಡಿ. ಮಾಡುತ್ತಿರುತ್ತಾಳೆ, ಸ್ಟೇಜ್ ಎಂದರೆ ಹೊಟ್ಟೆ ತೊಳೆಸುತ್ತದೆ. ಮದುವೆ ಗಂಡು ಹುಡುಕುವ ಗಡಿಬಿಡಿ ಬೇರೆ. ಎಪಿಸೋಡ್ ಚಿಕ್ಕವು. ನಮ್ಮ ಕಡೆಯ ಹಾಗೆ ನೆಟ್‌ವರ್ಕ್ ಇದ್ದರೆ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ. ಮಳೆ ಜೋರಾದರೆ ಟವರ್ ಮಲಗಿಬಿಡುತ್ತದೆ.

ಹಗರೆ ಸ್ಟಾಪ್ · ಸೋಮವಾರ ಬೆಳಗ್ಗೆ 8:40 (ಬಸ್ಸಿನಲ್ಲಿ, ಹಳೇಬೀಡು ಕ್ರಾಸ್)

ಕ್ಯಾಸೆಟ್ ಸರ್, ಬೇಜಾರೇನಿಲ್ಲ. ರಾತ್ರಿ ಯೋಚನೆ ಮಾಡಿದೆ.

ಪಂಕ್ ಬಗ್ಗೆ ಎಲ್ಲರೂ ತೋರಿಸುವ ಒಂದು ಚಿತ್ರ ಇದೆ. ಮೂರು ಕಾರ್ಡ್ ಬರೆದು, ಇಷ್ಟು ಬಂದರೆ ಸಾಕು, ಬ್ಯಾಂಡ್ ಕಟ್ಟು ಎನ್ನುವುದು. ಅದು ‘ಸ್ನಿಫಿನ್ ಗ್ಲೂ’ ಪತ್ರಿಕೆಯದ್ದು ಎಂದು ಸುಮಾರು ಕಡೆ ಬರೆಯುತ್ತಾರೆ, ತಪ್ಪು. ‘ಸೈಡ್‌ಬರ್ನ್ಸ್’ ಎಂಬ ಇನ್ನೊಂದು ಪುಟ್ಟ ಪತ್ರಿಕೆಯಲ್ಲಿ 1977ರ ಹೊತ್ತಿಗೆ ಬಂದದ್ದು. ನಾನೂ ವರ್ಷಗಟ್ಟಲೆ ಅದನ್ನೇ ವೇದವಾಕ್ಯ ಅಂದುಕೊಂಡಿದ್ದೆ. ಬಾರದಿರುವುದೇ ಪಂಕ್ ಎಂದು.

ಆದರೆ ಪಟ್ಟಿ ತೆಗೆದು ನೋಡಿದರೆ ಹಾಗಿಲ್ಲ. ಬ್ಯಾಡ್ ಬ್ರೈನ್ಸ್ ಎಂಬ ವಾಷಿಂಗ್ಟನ್ ಬ್ಯಾಂಡ್ ಇದೆ. ಅವರು ಮೊದಲು ನುಡಿಸುತ್ತಿದ್ದದ್ದು ಜಾಜ್ ಫ್ಯೂಷನ್. ಲೆಕ್ಕ ತಪ್ಪದ ಕೈ. ಆ ಕೈಯಿಂದಲೇ ಯಾರೂ ಹಿಡಿಯಲಾಗದ ವೇಗದ ಪಂಕ್ ಮಾಡಿದರು. ಜಾನಿ ರಮೋನ್ ಕೈಯೂ ಅಭ್ಯಾಸ ಇಲ್ಲದೆ ಬರುವಂಥದ್ದಲ್ಲ, ನನ್ನ ಮಣಿಕಟ್ಟೇ ಸಾಕ್ಷಿ. ಹಾಗಾಗಿ ಕಾಫಿ ಕಣ ಮೇಡಂ ಹೇಳಿದ್ದೇ ಸರಿ ಅನ್ನಿಸುತ್ತದೆ. ನುಡಿಸಲು ಬರುತ್ತದೋ ಇಲ್ಲವೋ ಅನ್ನುವುದು ಅಷ್ಟು ಮುಖ್ಯ ಅಲ್ಲ. ನುಡಿಸಬಹುದಾ ಎಂದು ಯಾರನ್ನೂ ಕೇಳಿಕೊಂಡು ನಿಲ್ಲಲಿಲ್ಲ.

ಕದ್ರಿಯವರ ಹೆಸರು ನೀವೇ ಎತ್ತಿದಿರಿ. ಅವರು ಮೈಸೂರು ಅರಮನೆ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ಕೇಳಿ ಮರುಳಾದವರು. ಕರ್ನಾಟಕ ಸಂಗೀತಕ್ಕೆ ಒಗ್ಗದ ವಾದ್ಯ ಅದು. ಸ್ವರ ತೂಗುವ ಗಮಕ ಎಲ್ಲಿಂದ ತರುವುದು? ಆದರೂ ಹಿಡಿದರು, ವರ್ಷಗಟ್ಟಲೆ ಸಾಧನೆ ಮಾಡಿ ಒಗ್ಗಿಸಿದರು. ಅವರನ್ನು ಪಂಕ್ ಎಂದರೆ ನೀವು ಸ್ಕೇಲ್ ತೆಗೆದುಕೊಂಡು ಬರುತ್ತೀರಿ, ಹಾಗೆ ಹೇಳುವುದಿಲ್ಲ.

ಮತ್ತೆ ಆ ಬ್ಯಾಂಡಿನಲ್ಲಿ ಮೊದಮೊದಲು ‘ಬಸ್ ಹಾರ್ನ್’ ಊದುತ್ತಿದ್ದ ಲೋರಾ ಲಾಜಿಕ್ ಆಗ ಇನ್ನೂ ಶಾಲೆಗೆ ಹೋಗುವ ವಯಸ್ಸಿನವಳು. ಸ್ವಲ್ಪ ಮಾಫಿ ಕೊಡಿ.

ತಮಟೆ · ಸೋಮವಾರ ಮಧ್ಯಾಹ್ನ 1:25

ಅಣ್ಣ, ಅನುಮತಿ ಅಂದಿದ್ದಕ್ಕೆ ನಮ್ಮ ಕಥೆ ಹೇಳುತ್ತೇನೆ. ಕಾಲೇಜಿನ ಹೆಸರು ಬೇಡ, ಹಾಸನದಲ್ಲೇ.

ಹೋದ ವರ್ಷ ಫೆಸ್ಟ್‌ಗೆ ನಾವು ಮೂರು ಜನ ಹೆಸರು ಕೊಟ್ಟೆವು. ಫಾರ್ಮ್‌ನಲ್ಲಿ ‘ಸಂಗೀತ’ ಅಂತ ಬರೆದೆವು, ಬೇರೆ ಕಾಲಂ ಇರಲಿಲ್ಲ. ನನ್ನ ಹತ್ತಿರ ಸೆಕೆಂಡ್ ಹ್ಯಾಂಡ್ ಗಿಟಾರ್, ಬೆಂಗಳೂರಿನ ಕಸಿನ್ ಕೊಟ್ಟ ಡಿಸ್ಟಾರ್ಷನ್ ಪೆಡಲ್. ಕಾಲಲ್ಲಿ ಒತ್ತಿದರೆ ಗಿಟಾರ್ ದನಿ ಒರಟಾಗುತ್ತದೆ. ಡ್ರಮ್ಸ್ ಇಲ್ಲ. ಗೆಳೆಯ ತಮಟೆ ತಂದಿದ್ದ, ಅವರ ಮನೆಯಲ್ಲಿ ತಲೆತಲಾಂತರದಿಂದ ಬಾರಿಸುತ್ತಾರೆ. ನಮಗಿಂತ ಮೊದಲು ಭಾವಗೀತೆ, ನಮ್ಮ ನಂತರ ಸಿನಿಮಾ ಡ್ಯಾನ್ಸ್.

ಪೆಡಲ್ ಒತ್ತಿ ಮೊದಲ ಕಾರ್ಡ್ ಹೊಡೆದೆ. ‘ಘರ್ರ್’ ಅಂತು. ಸೌಂಡ್ ಸಿಸ್ಟಮ್‌ನವರು ಹಿಂದಿನಿಂದ ಓಡಿ ಬಂದು ವಯರ್ ಎಳೆದೇಬಿಟ್ಟರು. ‘ಆ್ಯಂಪ್ಲಿಫೈಯರ್ ಹೋಗ್ತಾ ಇದೆ, ಸ್ಪೀಕರ್ ಹರಿದುಹೋದ್ರೆ ಯಾರು ಕೊಡೋರು?’ ಅಂದರು. ಅದು ಹಾಗೇ ಇರೋದು ಅಣ್ಣ, ಬೇಕು ಅಂತಲೇ ಹಾಗೆ ಮಾಡಿರೋದು ಎಂದೆ. ‘ಬೇಕು ಅಂತ ಯಾರಾದ್ರೂ ಹಾಳು ಮಾಡ್ತಾರಾ?’ ಎಂದು ನನ್ನನ್ನೇ ನೋಡಿದರು. ಅಷ್ಟರಲ್ಲಿ ಲೆಕ್ಚರರ್ ಒಬ್ಬರು ಮೈಕ್ ತೆಗೆದುಕೊಂಡು ‘ಮುಂದಿನ ಕಾರ್ಯಕ್ರಮ’ ಎಂದರು.

ಆದರೆ ವಯರ್ ಕಿತ್ತ ಮೇಲೂ ತಮಟೆ ನಿಲ್ಲಲಿಲ್ಲ. ಅದಕ್ಕೆ ಕರೆಂಟ್ ಬೇಡವಲ್ಲ. ಸುಮಾರು ಒಂದು ನಿಮಿಷ ಅವನೊಬ್ಬನೇ ಬಾರಿಸಿದ. ಹಿಂದಿನ ಸಾಲಿನವರೆಲ್ಲ ಎದ್ದು ಕುಣಿದರು. ಅದೇ ನಮ್ಮ ಮೊದಲ ಮತ್ತು ಇಲ್ಲಿಯವರೆಗಿನ ಕೊನೆಯ ಶೋ.

ಆಲೂರು ಆಲೂಗಡ್ಡೆ · ಸೋಮವಾರ ಮಧ್ಯಾಹ್ನ 1:50

‘ಬೇಕು ಅಂತ ಯಾರಾದ್ರೂ ಹಾಳು ಮಾಡ್ತಾರಾ’ ಅನ್ನುವುದನ್ನು ಟೀ ಶರ್ಟ್ ಮೇಲೆ ಅಚ್ಚು ಹಾಕಿಸಿ. ಎರಡು ಪ್ರತಿ ನನಗೆ.

ತಮ್ಮಾ, ನೀನು ದಿ ಲಿಂಡಾ ಲಿಂಡಾಸ್ ಎಂಬ ಹುಡುಗಿಯರ ಬ್ಯಾಂಡ್ ಕೇಳಿದ್ದೀಯಾ? 2021ರಲ್ಲಿ ಲಾಸ್ ಏಂಜಲೀಸ್‌ನ ಪಬ್ಲಿಕ್ ಲೈಬ್ರರಿಯಲ್ಲಿ ನುಡಿಸಿದ ವಿಡಿಯೋ ನೋಡು. ಸುತ್ತಲೂ ಪುಸ್ತಕದ ಕಪಾಟು. ಡ್ರಮ್ಸ್ ಹುಡುಗಿಗೆ ಆಗ 10 ವರ್ಷ. ಶಾಲೆಯಲ್ಲಿ ಒಬ್ಬ ಹುಡುಗ ಅವಳ ಮುಖಕ್ಕೇ ಹೇಳಿದ ಮಾತಿಗೆ ಉತ್ತರವಾಗಿ ಬರೆದ ಹಾಡು. ಲೈಬ್ರರಿಯಲ್ಲಿ ಅಷ್ಟು ಗಲಾಟೆ ಮಾಡಲು ಬಿಟ್ಟಿದ್ದೇ ನನಗೆ ಆಶ್ಚರ್ಯ. ನಮ್ಮ ಲೈಬ್ರರಿಯಲ್ಲಿ ಫ್ಯಾನ್ ಶಬ್ದ ಮಾಡಿದರೂ ಮೇಲೆ ನೋಡುತ್ತಾರೆ.

ಸಕಲೇಶಪುರ ಲೋಕಲ್ · ಸೋಮವಾರ ಸಂಜೆ 5:05

ತಮಟೆ ಕಥೆ ಚೆನ್ನಾಗಿದೆ. ಅದನ್ನು ಒಪ್ಪಿದೆ. ಆದರೆ ನನ್ನ ಪ್ರಶ್ನೆ ಹಾಗೇ ಇದೆ. ಆನೆ ಹಾಡು ಎಲ್ಲಿ? ಕನ್ನಡದಲ್ಲಿ ಯಾಕಿಲ್ಲ?

ನೀಲಿ ಕುರಿಂಜಿ · ಸೋಮವಾರ ಸಂಜೆ 6:30

ಕನ್ನಡದಲ್ಲಿ ಯಾಕಿಲ್ಲ ಅಂತೀರಿ. ವಚನಕಾರರು, ಶರೀಫಜ್ಜ ಇವರೆಲ್ಲ ನಮ್ಮ ಪಂಕ್ ಅಲ್ವಾ? ಅವರಿಗಿಂತ ದೊಡ್ಡ ಬಂಡಾಯ ಬೇಕಾ?

ಹಳೇ ಕ್ಯಾಸೆಟ್ · ಸೋಮವಾರ ರಾತ್ರಿ 8:45

ಈ ಮಾತು ಮಾತ್ರ ಬೇಡ. ನಮಗೆ ಇಷ್ಟವಾದ ಎಲ್ಲದಕ್ಕೂ ಅವರ ಅಂಗಿ ತೊಡಿಸುವುದು ಯಾಕೆ? ಶರೀಫರ ಪದ ತಂಬೂರಿ ಹಿಡಿದು ಕೂತು ಹಾಡಿದರೇ ಚೆಂದ. ಅವರಿಗೆ ಸರ್ಟಿಫಿಕೇಟ್ ಕೊಡುವ ಯೋಗ್ಯತೆ ಪಂಕ್‌ಗೂ ಇಲ್ಲ, ನಮಗೂ ಇಲ್ಲ.

ಹಾಗಂತ ಹೊಸಬರು ಹಾಡಬಾರದು ಎಂದಲ್ಲ. ರಘು ದೀಕ್ಷಿತ್ 2008ರ ಆಲ್ಬಮ್‌ನಲ್ಲಿ ‘ಗುಡುಗುಡಿಯ ಸೇದಿ ನೋಡೋ’ ಹಾಡಿದಾಗ ನಾನು ಮುಖ ಸಿಂಡರಿಸಿದ್ದೆ. ಈಗ ಕಾರಿನಲ್ಲಿ ನಾನೇ ಹಾಕುತ್ತೇನೆ. ಅಶ್ವಥ್ ಅವರ ಜಾಗ ಬೇರೆ, ಇದರ ಜಾಗ ಬೇರೆ.

ಹಗರೆ ಸ್ಟಾಪ್ · ಸೋಮವಾರ ರಾತ್ರಿ 9:20

ಕ್ಯಾಸೆಟ್ ಸರ್ ಮಾತಿಗೆ ನನ್ನದೂ ಸಹಿ. ಹೋಲಿಕೆ ಸುಲಭ, ಅದಕ್ಕೇ ಅನುಮಾನ.

ಇಂಡೀ, ಅಂದರೆ ದೊಡ್ಡ ಕಂಪನಿಗಳ ಹಂಗಿಲ್ಲದೆ ಹಾಡುವವರ ಕಡೆ ಬಂದರೆ, ಬೆಂಗಳೂರಿನ ಬ್ಯಾಂಡ್ ಸ್ವರಾತ್ಮ ಅವರ ‘ಪ್ಯಾಸಿ’ ಮತ್ತೆ ಕೇಳಿದೆ. ಹಿಂದಿ ಹಾಡು, ಆದರೆ ನಮ್ಮದೇ ವಿಷಯ. ಎರಡು ರಾಜ್ಯಗಳು ನೀರಿಗಾಗಿ ಜಗಳ ಆಡುತ್ತಿದ್ದರೆ ಕಾವೇರಿ ತಾನೇ ಮಾತಾಡುತ್ತಾಳೆ, ನದಿಗೇ ಬಾಯಾರಿಕೆ. ಗೊರೂರು ಡ್ಯಾಮಿನ ಹೇಮಾವತಿ ಹೋಗಿ ಸೇರುವುದೂ ಅಲ್ಲಿಗೇ. ಕಾವೇರಿ ಗಲಾಟೆಯ ದಿನಗಳಲ್ಲಿ ಬಸ್ ಇಲ್ಲದೆ ಸ್ಟ್ಯಾಂಡಿನಲ್ಲಿ ರಾತ್ರಿ ಕಳೆದವನಿಗೆ ಈ ಹಾಡು ಬೇರೆ ಥರ ಕೇಳಿಸುತ್ತದೆ.

ದೆಹಲಿಯ ಪೀಟರ್ ಕ್ಯಾಟ್ ರೆಕಾರ್ಡಿಂಗ್ ಕಂಪನಿಯವರ ‘ಬೀಟಾ’, 2024. ಬೇಲೂರು ಆದ ಮೇಲೆ, ಮಂಜು ಇದ್ದರೆ. ಮದುವೆ ಮನೆಯ ಬ್ಯಾಂಡ್ ಸೆಟ್ಟು ಊಟ ಮುಗಿಸಿ ಸುಸ್ತಾಗಿ ನುಡಿಸಿದ ಹಾಗಿದೆ, ಒಳ್ಳೆಯ ಅರ್ಥದಲ್ಲಿ.

ತಮಟೆ · ಸೋಮವಾರ ರಾತ್ರಿ 11:10

ಲೋಕಲ್ ಅಣ್ಣ, ಆನೆ ಹಾಡು ಬರೆಯಲು ಕೂತೆ. ಮೊದಲ ಸಾಲು: ‘ತೋಟದ ಹಿಂದೆ ಆನೆ ಇರುತ್ತದೆ, ಹೊರಗೆ ಬರಬೇಡಿ.’

ಕೂಗಲು ಆಗಲೇ ಇಲ್ಲ. ಯಾಕೆ ಎಂದು ತಲೆ ಕೆಡಿಸಿಕೊಂಡೆ. ಇಂಗ್ಲಿಷ್ ಪಂಕ್ ಹಾಡುಗಳಲ್ಲಿ ಸಾಲಿನ ಕೊನೆಗೆ ಟ್, ಕ್, ಪ್ ಬಂದು ಬಾಗಿಲು ಬಡಿದ ಹಾಗೆ ನಿಲ್ಲುತ್ತದೆ. ನಮ್ಮ ಬರಹದ ಕನ್ನಡದಲ್ಲಿ ಹೆಚ್ಚುಕಮ್ಮಿ ಎಲ್ಲ ಪದವೂ ಸ್ವರಾಕ್ಷರದಲ್ಲಿ ಮುಗಿಯುತ್ತದೆ. ‘ಇರುತ್ತದೆ’ ಎಂದು ಕಿರುಚಿದರೆ ‘ಎಏಏ’ ಎಂದು ಎಳೆದುಕೊಂಡು ಭಾವಗೀತೆ ಆಗಿಬಿಡುತ್ತದೆ.

ಆಮೇಲೆ ಅಜ್ಜಿ ಮಾತಾಡುವ ಹಾಗೆ ಬರೆದೆ. ‘ಆನೆ ಬಂತ್. ಆಚೆ ಬರ್ಬ್ಯಾಡ್. ಬಾಗ್ಲಾಕ್.’ ಅಷ್ಟೇ! ಸ್ವರ ಎಲ್ಲ ಉದುರಿಹೋಯಿತು, ಬಾಗಿಲು ತಾನಾಗೇ ಬಡಿಯಿತು. ನಮ್ಮ ಕಡೆಯವರು ಹಾಸನವನ್ನೇ ‘ಆಸ್ನ’ ಮಾಡಿಕೊಂಡವರು, ಪಂಕ್‌ಗೆ ಹೇಳಿ ಮಾಡಿಸಿದ ಭಾಷೆ ನಮ್ಮದು. ತಮಟೆ ಗೆಳೆಯನಿಗೆ ಫೋನಿನಲ್ಲೇ ಹೇಳಿದೆ, ಅವನು ಡೈನಿಂಗ್ ಟೇಬಲ್ ಮೇಲೆ ಬಾರಿಸಿದ. 48 ಸೆಕೆಂಡ್ ಬಂತು.

ಸಕಲೇಶಪುರ ಲೋಕಲ್ · ಮಂಗಳವಾರ ಬೆಳಗ್ಗೆ 6:15

‘ಬಾಗ್ಲಾಕ್’ ಓದಿ ಟೀ ಮೂಗಿಗೆ ಹೋಯಿತು.

ಕೊಟ್ಟಿಗೆ ಬಗ್ಗೆ ಒಂದು ಸಾಲು ಸೇರಿಸು ಮಾರಾಯ. ಹಸು ಕೂಗುತ್ತಿರುತ್ತದೆ, ನಾವು ಒಳಗೆ ಕೂತಿರುತ್ತೇವೆ. ಅದೇ ಕಷ್ಟ.

ಕಾಫಿ ಕಣ · ಮಂಗಳವಾರ ಮಧ್ಯಾಹ್ನ 2:40

ಕನ್ನಡದಲ್ಲಿ ಯಾಕಿಲ್ಲ ಎಂಬ ಮಾತಿಗೆ, ಹಾಡಿನಲ್ಲಿ ಕಡಿಮೆ ಇರಬಹುದು, ಸಿನಿಮಾದಲ್ಲಿ ಇದೆ. 2013ರಲ್ಲಿ ‘ಲೂಸಿಯಾ’ಗೆ ನೂರಕ್ಕೂ ಹೆಚ್ಚು ಜನ ಪ್ರೇಕ್ಷಕರೇ ಬಂಡವಾಳ ಹಾಕಿದರು. 2023ರ ‘ಡೇರ್‌ಡೆವಿಲ್ ಮುಸ್ತಾಫಾ’ಕ್ಕೆ ತೇಜಸ್ವಿ ಓದುಗರು ಸೇರಿ ದುಡ್ಡು ಹಾಕಿದರು. ನಮ್ಮ ಮೂಡಿಗೆರೆಯವರಿಗೆ ಅದು ಮನೆ ಸಿನಿಮಾ ಇದ್ದ ಹಾಗೆ. ನಮ್ಮ ತಂದೆ ಎರಡು ಸಲ ನೋಡಿ, ಎರಡು ಸಲವೂ ‘ಕಥೆಯಲ್ಲಿ ಇನ್ನೂ ಚೆನ್ನಾಗಿದೆ’ ಎಂದರು.

ಚಿಕ್ಕದು ಬೇಕಾದರೆ ಚಿದಾನಂದ ನಾಯ್ಕ್ ಅವರ ‘ಸನ್‌ಫ್ಲವರ್ಸ್ ವರ್ ದ ಫಸ್ಟ್ ಒನ್ಸ್ ಟು ನೋ’. ಹೆಸರು ಇಂಗ್ಲಿಷ್, ಸಿನಿಮಾ ಕನ್ನಡ. ಅಜ್ಜಿ ಕೋಳಿ ಹೊತ್ತುಕೊಂಡು ಹೋದಳು, ಊರಿಗೆ ಬೆಳಗಾಗಲಿಲ್ಲ ಎಂಬ ಕಥೆ ನಾವೆಲ್ಲ ಚಿಕ್ಕವರಿದ್ದಾಗ ಕೇಳಿದ್ದೇವಲ್ಲ, ಅದೇ. 16 ನಿಮಿಷ. ನಾಲ್ಕು ದಿನದಲ್ಲಿ ಶೂಟ್ ಮಾಡಿದ ವಿದ್ಯಾರ್ಥಿ ಸಿನಿಮಾ. 2024ರಲ್ಲಿ ಕಾನ್ ಉತ್ಸವದ ವಿದ್ಯಾರ್ಥಿ ವಿಭಾಗದಲ್ಲಿ ಮೊದಲ ಬಹುಮಾನ ಬಂತು. ಹಗರೆಯವರ ಲೆಕ್ಕದಲ್ಲಿ ಹಾಸನ ಊರು ದಾಟುವಷ್ಟರಲ್ಲಿ ಮುಗಿಯುತ್ತದೆ.

ಹಳೇ ಕ್ಯಾಸೆಟ್ · ಮಂಗಳವಾರ ರಾತ್ರಿ 9:00

ನಿನ್ನೆ ರಾತ್ರಿ ಆ ಡೆತ್ ಡಾಕ್ಯುಮೆಂಟರಿ ನೋಡಿದೆ. ಹಾಡುಗಳು ಈಗಲೂ ನನ್ನ ಕಿವಿಗೆ ಜೋರು. ಆದರೆ ಅಟ್ಟದ ಟೇಪ್ ವಿಷಯ ಬಂದಾಗ ಎದ್ದು ಹೋಗಿ ನಮ್ಮ ಅಟ್ಟದ ಡಬ್ಬ ಇಳಿಸಿದೆ. ನಮ್ಮ ಮೇಷ್ಟ್ರು ಹಾಡಿದ ಎರಡು ಕ್ಯಾಸೆಟ್ ಇದೆ. ಒಂದಕ್ಕೆ ಬೂಷ್ಟು ಹಿಡಿದಿದೆ. ಇನ್ನೊಂದು ಸುತ್ತುತ್ತದೆ, ಸ್ವಲ್ಪ ನಿಧಾನ. ಹಿಂದೆ ಯಾರೋ ಕೆಮ್ಮುತ್ತಾರೆ. ಅದು ನಾನೇ ಇರಬೇಕು. ಇದನ್ನು ಕಂಪ್ಯೂಟರಿಗೆ ಹಾಕಿಕೊಡುವವರು ಹಾಸನದಲ್ಲಿ ಯಾರಾದರೂ ಇದ್ದಾರಾ?

ತಮಟೆ · ಮಂಗಳವಾರ ರಾತ್ರಿ 9:12

ಸರ್, ನಾನು ಮಾಡಿಕೊಡುತ್ತೇನೆ. ಒಂದು ಕೇಬಲ್ ಸಾಕು. ಬೂಷ್ಟು ಹಿಡಿದದ್ದನ್ನು ದಯವಿಟ್ಟು ಪ್ಲೇಯರ್‌ಗೆ ಹಾಕಬೇಡಿ, ಹೆಡ್ಡಿಗೆ ಅಂಟಿ ಇನ್ನೊಂದೂ ಹಾಳಾಗುತ್ತದೆ. ನಿಮ್ಮ ಮನೆ ಎಲ್ಲಿ?

ಹಳೇ ಕ್ಯಾಸೆಟ್ · ಮಂಗಳವಾರ ರಾತ್ರಿ 9:30

ಬೇಲೂರು. ಭಾನುವಾರ ಬಾರಪ್ಪ. ತಮಟೆ ಹುಡುಗನನ್ನೂ ಕರೆದುಕೊಂಡು ಬಾ. ಬೇರೆಯವರೂ ಬರುವುದಾದರೆ ಬನ್ನಿ. ಹಾಲ್ ದೊಡ್ಡದಿದೆ, ಟಿವಿಯೂ ದೊಡ್ಡದು, ಮಗ ತಂದು ಹಾಕಿದ್ದು. ಆ ಸ್ವೀಡನ್ ಹುಡುಗಿಯರ ಸಿನಿಮಾ ನೋಡೋಣ. ಅಕ್ಕಿರೊಟ್ಟಿ ಮಾಡಿಸುತ್ತೇನೆ. ಹಾರ್ಮೋನಿಯಂ ಇದೆ, ಆದರೆ ಅದಕ್ಕೆ ಪೆಡಲ್ ಗಿಡಲ್ ಹಾಕಬೇಡಿ.

ಹಗರೆ ಸ್ಟಾಪ್ · ಮಂಗಳವಾರ ರಾತ್ರಿ 9:44

ಬರುತ್ತೇನೆ ಸರ್. ಬೇಲೂರು ಎಲ್ಲರಿಗೂ ನಡುವೆ, ಮೂಡಿಗೆರೆಯವರಿಗೂ ದೂರ ಇಲ್ಲ. ಸಿನಿಮಾ ಎರಡು ಗಂಟೆಯೊಳಗೆ ಮುಗಿಯುತ್ತದೆ. ನಾನು ಪೆನ್‌ಡ್ರೈವ್ ತರುತ್ತೇನೆ.

ಸಕಲೇಶಪುರ ಲೋಕಲ್ · ಮಂಗಳವಾರ ರಾತ್ರಿ 10:05

ಆನೆ ದಾರಿ ಬಿಟ್ಟರೆ ನಾನೂ ಬರುತ್ತೇನೆ.

ಆಲೂರು ಆಲೂಗಡ್ಡೆ · ಮಂಗಳವಾರ ರಾತ್ರಿ 10:11

ಎರಡೇ ಪ್ರಶ್ನೆ. ಸರ್ ಮನೆಯಲ್ಲಿ ಯುಪಿಎಸ್ ಇದೆಯಾ? ಮತ್ತೆ ಬೇಲೂರಿನಿಂದ ಹಾಸನಕ್ಕೆ ಕೊನೇ ಬಸ್ ಎಷ್ಟು ಗಂಟೆಗೆ?